ಹಳೆಯ ಹೆಸರು ಕೇಳುವ ತುಯ್ ಅಕ್ಕ

ಬೆಳಗಿನ ಐದು ಗಂಟೆ. ರೊಯಿ ಎತ್ ಪಟ್ಟಣದ ಆಸ್ಪತ್ರೆಯೊಂದರಲ್ಲಿ ಕೀಲುನೋವಿನ ವಿಭಾಗದ ಬಾಗಿಲು ತೆರೆಯಲು ಇನ್ನೂ ಎರಡೂವರೆ ಗಂಟೆ ಇದೆ. ಬಾಗಿಲಿನಿಂದ ಹಿಡಿದು ಕುಡಿಯುವ ನೀರಿನ ನಲ್ಲಿಯವರೆಗೆ ಚಪ್ಪಲಿಗಳ ಸಾಲು. ಸರದಿ ಕಾಯುವುದು ಚಪ್ಪಲಿಗಳ ಕೆಲಸ. ಅವುಗಳ ಒಡೆಯರು ಚಾಪೆ ಹಾಸಿಕೊಂಡು, ಗೋಡೆಗೆ ಒರಗಿಕೊಂಡು ಇನ್ನೊಂದು ಸುತ್ತು ನಿದ್ದೆ ತೆಗೆಯುತ್ತಿದ್ದಾರೆ. ತಿಳಿನೇರಳೆ ಅಂಗಿ ತೊಟ್ಟ ಸಣಕಲು ಹೆಂಗಸೊಬ್ಬರು ಬಿದಿರು ಕೋಲಿನಿಂದ ಅಡ್ಡಾದಿಡ್ಡಿಯಾದ ಜೋಡುಗಳನ್ನು ನೇರ ಮಾಡುತ್ತಾ ಬರುತ್ತಾರೆ. ಬಗ್ಗಿ ಮಾಡಲು ಅವರ ಸೊಂಟ ಒಪ್ಪುವುದಿಲ್ಲ. ಇವತ್ತು ನೂರಾ ಹದಿನಾಲ್ಕು ಜೊತೆ ಇವೆ. "ಸೋಮವಾರ ಅಲ್ವಾ. ಭಾನುವಾರ ಮೊಮ್ಮಕ್ಕಳ ಮುಂದೆ ಗಟ್ಟಿಯಾಗಿದ್ದೋರಿಗೆಲ್ಲ ಸೋಮವಾರ ನೋವು ಶುರುವಾಗುತ್ತೆ" ಎನ್ನುತ್ತಾರೆ ಅವರು.

ಆಸ್ಪತ್ರೆಯ ಕಡತದಲ್ಲಿ ಅವರ ಹೆಸರು ನತ್ತನಿಚಾ. ಆ ಹೆಸರು ಹಿಡಿದು ಕರೆದರೆ ಅವರು ತಿರುಗಿ ನೋಡುವುದು ಅನುಮಾನ. ಎಲ್ಲರಿಗೂ ಅವರು ತುಯ್ ಅಕ್ಕ. ತುಯ್ ಅಂದರೆ ಗುಂಡಮ್ಮ. ಹುಟ್ಟಿದಾಗ ಕೆನ್ನೆ ಉಬ್ಬಿಕೊಂಡಿದ್ದವಂತೆ, ಅಮ್ಮ ಹಾಗೆ ಕರೆದರು. ಐವತ್ತನಾಲ್ಕನೆಯ ವಯಸ್ಸಿನಲ್ಲಿ ನಲವತ್ತೆರಡು ಕಿಲೋ ತೂಗುವಾಗಲೂ ಆ ಹೆಸರು ಮಾತ್ರ ಗುಂಡಗೇ ಉಳಿದಿದೆ.

ತುಯ್ ಅಕ್ಕನದು ದಿನಗೂಲಿ ಸಹಾಯಕಿಯ ಕೆಲಸ. ರೋಗಿಗಳ ತೂಕ ನೋಡುವುದು, ರಕ್ತದೊತ್ತಡದ ಪಟ್ಟಿ ಕಟ್ಟುವುದು, ಗಾಲಿಕುರ್ಚಿ ತಳ್ಳುವುದು. ಅಷ್ಟನ್ನೇ ಮಾಡಿಕೊಂಡು ಸುಮ್ಮನಿದ್ದರೆ ಯಾರೂ ಏನೂ ಕೇಳುವುದಿಲ್ಲ. ಆದರೆ ಸುಮ್ಮನಿರುವುದು ಅವರ ಜಾಯಮಾನವಲ್ಲ. ಚಪ್ಪಲಿ ಸರಿಮಾಡಿದ ಮೇಲೆ ಮನೆಯಿಂದ ತಂದ ಬಿದಿರಿನ ಬುಟ್ಟಿ ತೆರೆದು, ಎದ್ದು ಕೂತ ಹೆಂಗಸರ ಮುಂದೆ ಬಿಸಿ ಅಂಟಕ್ಕಿ ಅನ್ನ ಹಿಡಿಯುತ್ತಾರೆ. ತಿನ್ನಲಿ ಎಂಬ ಕರುಣೆ ಅದರಲ್ಲಿ ಅರ್ಧ ಮಾತ್ರ. ಇನ್ನರ್ಧ ಪರೀಕ್ಷೆ. ಅಂಟಕ್ಕಿ ಅನ್ನವನ್ನು ಮೂರು ಬೆರಳಲ್ಲಿ ಕಿತ್ತು, ಒತ್ತಿ, ಪುಟ್ಟ ಉಂಡೆ ಮಾಡಿ ಬಾಯಿಗಿಡುವುದು ಇಲ್ಲಿನ ಮಕ್ಕಳಿಗೂ ನೀರು ಕುಡಿದಷ್ಟು ಸುಲಭ. ಯಾರ ಬೆರಳು ಅನ್ನವನ್ನು ಕೀಳಲಾರದೆ ಜಾರುತ್ತದೋ ಅವರ ಪಕ್ಕದಲ್ಲಿ ಅಕ್ಕ ಕೂತರೆಂದೇ ಅರ್ಥ.

"ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡ. ನಿನ್ನ ಮೈಯಲ್ಲಿ ಅಮ್ಮ ಕೊಡದೇ ಇರೋದು ಏನಾದ್ರೂ ಇದೆಯಾ?"

ಇವತ್ತು ಹಾಗೆ ಕೇಳಿಸಿಕೊಂಡ ಹೆಂಗಸು "ಎರಡು ಹಲ್ಲು ಕಟ್ಟಿಸಿದ್ದೀನಿ" ಎನ್ನುತ್ತಾಳೆ.

"ಹಲ್ಲು ಬಿಡು. ಎದೆಯಲ್ಲಿ? ಮೂಗಲ್ಲಿ? ಮೂಳೆಗೆ ತಗಡು?"

"ಮೂಗು… ಅಕ್ಕ, ಯಾರಿಗೂ ಹೇಳ್ಬಾರ್ದು ನೀನು."

"ನಿನ್ನ ಮೂಗನ್ನ ನೋಡಿದ ಮೇಲೂ ನಾನು ಬೇರೆ ಹೇಳ್ಬೇಕೇನೇ?"

ಸುತ್ತಲಿನವರು ನಗುತ್ತಾರೆ, ಆ ಹೆಂಗಸೂ ನಗುತ್ತಾಳೆ. ನಗು ಅಡಗುವ ಮುಂಚೆಯೇ ಅಕ್ಕ ಎರಡನೆಯ ಪ್ರಶ್ನೆ ಇಡುತ್ತಾರೆ: "ಆಗ ನಿನ್ನ ಹೆಸರು ಏನಿತ್ತು?"

ಈ ಎರಡನೆಯ ಪ್ರಶ್ನೆಯಲ್ಲೇ ಅವರ ಕಸುಬಿನ ಗುಟ್ಟೆಲ್ಲ ಇದೆ. ಇಲ್ಲಿ ಕಾಯಿಲೆ ಬಿದ್ದವರು ಮೊದಲು ಬದಲಿಸುವುದು ಹೆಸರನ್ನು, ಆಮೇಲೆ ವೈದ್ಯರನ್ನು. ಭಿಕ್ಷುವೋ ಜೋಯಿಸರೋ ಹುಟ್ಟಿದ ವಾರ ಕೇಳಿ, ಈ ಅಕ್ಷರ ನಿನಗೆ ಆಗಿಬರುವುದಿಲ್ಲ ಎಂದರೆ ಮುಗಿಯಿತು. ಮರುದಿನವೇ ತಾಲ್ಲೂಕು ಕಚೇರಿಗೆ ಹೋಗಿ ಹೊಸ ಹೆಸರಿನ ಚೀಟಿ ಪಡೆಯುತ್ತಾರೆ. ಹಳೆಯ ಹೆಸರಿನ ಕಾಗದಗಳನ್ನು ಸುಟ್ಟು ಬೂದಿಯನ್ನು ಹೊಳೆಗೆ ಬಿಡುತ್ತಾರೆ, ಪೀಡೆ ತೊಲಗಲಿ ಎಂದು. ಆ ಕಾಗದಗಳ ನಡುವೆ ಒಂದು ಪುಟ್ಟ ಚೀಟಿಯೂ ಇರುತ್ತದೆ. ಮೈಯೊಳಗೆ ಇಟ್ಟ ವಸ್ತುವಿನ ಡಬ್ಬಿಯ ಮೇಲಿಂದ ಕಿತ್ತು ಕೊಡುವ ಅಂಟುಚೀಟಿ ಅದು. ಯಾವ ಬಗೆಯದು, ಎಷ್ಟು ದೊಡ್ಡದು, ಯಾವ ಸಂಖ್ಯೆಯದು ಎಂಬುದೆಲ್ಲ ಅದರ ಮೇಲಿರುತ್ತದೆ. ಪೀಡೆಯ ಜೊತೆ ಅದೂ ಹೊಳೆಪಾಲಾಗುತ್ತದೆ.

"ನಾನೇ ಸುಟ್ಟಿದ್ದೀನಿ. ಬೇರೆಯವರಿಗೆ ಏನಂತ ಬೈಲಿ" ಎನ್ನುತ್ತಾರೆ ತುಯ್ ಅಕ್ಕ. ಆದರೂ ಬೈಯುತ್ತಾರೆ.

ಹದಿನೆಂಟನೆಯ ವಯಸ್ಸಿಗೆ ಅವರು ಮೊಲಾಮ್ ಹಾಡು-ಕುಣಿತದ ಮೇಳ ಸೇರಿದವರು. ಆರು ಲಾರಿ, ಅರವತ್ತು ಜನ ಕುಣಿಯುವವರು. ಬೆಳಗಾಗುವವರೆಗೆ ಕುಣಿದು, ಲಾರಿಯ ಮೇಲೆ ಮಲಗಿ, ಎದ್ದಲ್ಲಿ ಮತ್ತೆ ಕುಣಿಯಬೇಕು. ಆಗಿನ ಹೆಸರು ಬುವಾಪನ್, ಅಪ್ಪ ಇಟ್ಟದ್ದು. ಎರಡನೆಯ ಸಾಲಿನಲ್ಲಿ ಎಡದಿಂದ ನಾಲ್ಕನೆಯವರು. ಮಳೆಗಾಲದಲ್ಲಿ ಮೇಳಕ್ಕೆ ರಜೆ. ಅಂಥದೊಂದು ಮಳೆಗಾಲದಲ್ಲಿ, ಇಪ್ಪತ್ತೇಳು ವರ್ಷದ ಹಿಂದೆ, ಬುವಾಪನ್ ಸೇರಿ ಮೇಳದ ಐವರು ಹುಡುಗಿಯರು ರಾಜಧಾನಿಗೆ ಹೋಗಿ ಒಂದೇ ದಿನ ಒಂದೇ ಚಿಕಿತ್ಸಾಲಯದಲ್ಲಿ ಎದೆಗೆ ಸಿಲಿಕೋನ್ ಚೀಲ ಇರಿಸಿಕೊಂಡು ಬಂದರು. ಮುಂದಿನ ಸಾಲು ಬೇಕೆನ್ನುವವರಿಗೆ ಅದು ಬೇಕೇ ಬೇಕು ಎಂಬ ಮಾತು ಮೇಳದಲ್ಲಿತ್ತು. "ನಂಗೇನೂ ಬೇಜಾರಿಲ್ಲ. ಒಂಬತ್ತು ವರ್ಷ ಕನ್ನಡಿ ಮುಂದೆ ನಿಂತು ಖುಷಿಪಟ್ಟಿದ್ದೀನಿ. ಅದನ್ನ ಯಾಕೆ ಇಲ್ಲ ಅನ್ಲಿ?"

ಒಂಬತ್ತು ವರ್ಷ ಕಳೆದ ಮೇಲೆ ಒಂದು ಚಳಿಗಾಲದ ಬೆಳಿಗ್ಗೆ ಬೆರಳು ಬೆಳ್ಳಗಾದವು, ಆಮೇಲೆ ನೀಲಿಯಾದವು. ಬಾಯಿ ಒಣಗಿತು, ಕಣ್ಣಲ್ಲಿ ಮರಳು ಹಾಕಿದಂತಾಯಿತು, ಕೂದಲು ಬಾಚಣಿಗೆಗೆ ಬಂತು. ಒಬ್ಬ ವೈದ್ಯರು ವಯಸ್ಸಿನ ದೋಷ ಅಂದರು. ಆಗ ಅವರಿಗೆ ಮೂವತ್ತಾರು. ಇನ್ನೊಬ್ಬರು ಮನಸ್ಸಿನ ಕಾಯಿಲೆ ಅಂದರು. ಊರಿನವರು ಯಾರದೋ ಕಣ್ಣು ಬಿದ್ದಿದೆ ಅಂದರು. ಬುವಾಪನ್ ಹೋಗಿ ಸಿರಿಕಾನ್ ಆಯಿತು, ಅದೂ ಕೈಕೊಟ್ಟಾಗ ನತ್ತನಿಚಾ ಆಯಿತು. ಕಾಯಿಲೆ ಮಾತ್ರ ಯಾವ ಹೆಸರಿಗೂ ಮರ್ಯಾದೆ ಕೊಡಲಿಲ್ಲ. ಕುಣಿತ ನಿಂತಿತು, ಗಂಡ ಕೆಲಸ ಹುಡುಕುತ್ತೇನೆಂದು ಹೋದವನು ಹೋದ ಕಡೆಯೇ ಉಳಿದ. ಏಳು ವರ್ಷ ಹೀಗೆ ಎಡತಾಕಿದ ಮೇಲೆ ಇದೇ ವಿಭಾಗಕ್ಕೆ ಆಗಷ್ಟೇ ಬಂದಿದ್ದ ಡಾ. ಥನಾಯುತ್ ಕೂರಿಸಿಕೊಂಡು ಪೂರ್ತಿ ಕಥೆ ಕೇಳಿದರು.

"ಅವರ ಮೈ ತನ್ನ ಮೇಲೆ ತಾನೇ ಯುದ್ಧಕ್ಕೆ ನಿಂತಿತ್ತು" ಎನ್ನುತ್ತಾರೆ ಡಾ. ಥನಾಯುತ್. "ಹೊರಗಿನ ವಸ್ತು ಒಳಗೆ ಕೂತಾಗ ಮೈ ಅದನ್ನ ಕಾಯ್ತಾ ಇರುತ್ತೆ. ಕೆಲವರಲ್ಲಿ, ಎಲ್ಲರಲ್ಲಲ್ಲ, ಕಾವಲುಗಾರನಿಗೆ ತಲೆ ಕೆಟ್ಟು ಮನೆಯವರನ್ನೇ ಹೊಡೆಯೋಕೆ ಶುರು ಮಾಡ್ತಾನೆ. ಸಿಲಿಕೋನ್ ಇಟ್ಟುಕೊಂಡ ಬಹಳ ಜನ ಆರಾಮಾಗಿದ್ದಾರೆ. ಅದರಿಂದಲೇ ಬಂತು ಅಂತ ನಾನು ಪ್ರಮಾಣ ಮಾಡಿ ಹೇಳಲಾರೆ. ಆದ್ರೆ ಕೇಳದೇ ಇರೋದು ತಪ್ಪು."

ಚೀಲ ತೆಗೆಸಲು ಹೋದಾಗ ಅದು ಎಂಥದ್ದು ಎಂದು ಹೇಳಲು ಅವರ ಬಳಿ ಚೀಟಿ ಇರಲಿಲ್ಲ, ಚಿಕಿತ್ಸಾಲಯವೂ ಮುಚ್ಚಿಹೋಗಿತ್ತು. ಶಸ್ತ್ರವೈದ್ಯರು ಕತ್ತಲಲ್ಲಿ ಕೈಯಾಡಿಸಿದಂತೆ ತೆರೆದರು. ಎಡಗಡೆಯದು ಒಡೆದು ಹೋಗಿತ್ತು, ಸೋರಿದ್ದೆಲ್ಲ ಸಿಗಲಿಲ್ಲ, ಗಾಯ ಮಾಯಲು ಐದು ತಿಂಗಳಾಯಿತು. ಜ್ವರ ನಿಂತಿತು, ಕೂದಲು ಬಂತು. ಬೆರಳು ಮತ್ತು ಸೊಂಟ ಪೂರ್ತಿ ಹಿಂತಿರುಗಲಿಲ್ಲ. "ಅರ್ಧ ವಾಸಿ. ಪೂರ್ತಿ ಅಂತ ಹೇಳಿದ್ರೆ ಸುಳ್ಳಾಗುತ್ತೆ, ಸುಳ್ಳು ಕೇಳಿ ಇವರೆಲ್ಲ ಆಸೆ ಇಟ್ಕೋತಾರೆ" ಎನ್ನುತ್ತಾರೆ ಅಕ್ಕ, ಚಾಪೆಯ ಮೇಲಿನವರನ್ನು ತೋರಿಸಿ.

ಮರುವರ್ಷ ಇಲ್ಲೇ ಕೆಲಸಕ್ಕೆ ಸೇರಿದರು. ಹತ್ತು ವರ್ಷದಲ್ಲಿ ಅವರ ಮೊದಲ ಪ್ರಶ್ನೆಗೆ ಹೌದು ಎಂದ ಹೆಂಗಸರು ನೂರಾ ಅರವತ್ತಮೂರು. ಅವರಲ್ಲಿ ಎಪ್ಪತ್ತೊಂದು ಜನರ ಕಾಗದವನ್ನು ಹಳೆಯ ಹೆಸರಿನ ಜಾಡು ಹಿಡಿದು ಪತ್ತೆ ಮಾಡಿದ್ದಾರೆ. ಊಟದ ಬಿಡುವಿನಲ್ಲಿ ದೂರವಾಣಿ ಹಿಡಿದು ಆ ಊರಿನ ಆಸ್ಪತ್ರೆ, ಈ ಊರಿನ ಚಿಕಿತ್ಸಾಲಯ ಎಂದು ಬೆನ್ನು ಬೀಳುತ್ತಾರೆ. ಇದು ಅವರ ಕೆಲಸದ ಪಟ್ಟಿಯಲ್ಲಿಲ್ಲ. ಮಾಡಬೇಡಿ ಎಂದು ಹೇಳುವ ಧೈರ್ಯವೂ ಇಲ್ಲಿ ಯಾರಿಗೂ ಇಲ್ಲ.

ಈ ವರ್ಷದ ಜನವರಿಯಲ್ಲಿ ಒಂದು ಜೊತೆ ಚಪ್ಪಲಿಯ ಒಡತಿಯಾಗಿ ಪಿಚಾಪಾ ಎಂಬ ಹೆಂಗಸು ಬಂದರು. ಉಸಿರಾಡಲು ಎರಡು ಮಾತಿಗೊಮ್ಮೆ ನಿಲ್ಲುತ್ತಿದ್ದರು, ಮುಖದ ಚರ್ಮ ಬಿಗಿದು ನಗಲೂ ಆಗುತ್ತಿರಲಿಲ್ಲ. ಅನ್ನದ ಬುಟ್ಟಿ ಮುಂದೆ ಹಿಡಿದ ಅಕ್ಕ ಹಾಗೇ ನಿಂತುಬಿಟ್ಟರು.

"ನೀನು ಕೊಪ್ ಅಲ್ವೇನೇ?"

ಕೊಪ್ ಅಂದರೆ ಕಪ್ಪೆ. ಕೂಸಿಗೆ ದೆವ್ವ ಕಣ್ಣು ಹಾಕದಿರಲಿ ಎಂದು ಇಟ್ಟ ಅಡ್ಡಹೆಸರು. ಮೇಳದಲ್ಲಿ ಮುಂದಿನ ಸಾಲಿನ ನಟ್ಟನಡುವೆ ಕುಣಿಯುತ್ತಿದ್ದವರು, ಆ ಐವರಲ್ಲಿ ಒಬ್ಬರು. ಬುವಾಪನ್ ಹೊಟ್ಟೆಕಿಚ್ಚು ಪಡುತ್ತಿದ್ದುದು ಇವರನ್ನು ಕಂಡೇ. ಇಪ್ಪತ್ತು ವರ್ಷ ಇಬ್ಬರೂ ಒಬ್ಬರನ್ನೊಬ್ಬರು ನೋಡಿರಲಿಲ್ಲ.

"ಎರಡನೇ ಸಾಲಿನವಳು ನೀನು" ಎಂದರು ಕೊಪ್. "ನನ್ನ ಹಿಂದೆ ನಿಂತು ಕಾಲು ತುಳೀತಿದ್ದೆ."

"ನೀನು ಹಿಂದೆ ಸರೀತಿದ್ದೆ, ಅದಕ್ಕೆ ತುಳೀತಿದ್ದೆ."

ಅಕ್ಕ ಆಮೇಲೆ ಅವರ ಬೆರಳುಗಳನ್ನು ತಮ್ಮ ಬೆರಳುಗಳ ನಡುವೆ ಇಟ್ಟುಕೊಂಡು ಬಹಳ ಹೊತ್ತು ಕೂತಿದ್ದರು. ಕಲ್ಲಿನ ಹಾಗಿದ್ದವು ಎನ್ನುತ್ತಾರೆ.

ತಪಾಸಣೆಯಲ್ಲಿ ಎರಡೂ ಚೀಲ ಹರಿದಿರುವುದು ಕಂಡಿತು. ಕೊಪ್ ಅವರ ಕಾಯಿಲೆ ಚರ್ಮ ದಾಟಿ ಶ್ವಾಸಕೋಶಕ್ಕೆ ಇಳಿದಿತ್ತು. ಔಷಧ ಶುರುವಾಯಿತು, ಚೀಲ ತೆಗೆಯುವುದೂ ಒಳ್ಳೆಯದು ಎಂದು ಡಾ. ಥನಾಯುತ್ ಬರೆದರು. ಆದರೆ ಶಸ್ತ್ರವೈದ್ಯರು ಒಪ್ಪಲಿಲ್ಲ. ಚೀಲದ ಹೊರಮೈ ನುಣುಪಾಗಿದ್ದರೆ ಬೇಗ ಬಿಟ್ಟುಕೊಳ್ಳುತ್ತದೆ, ಒರಟಾಗಿದ್ದರೆ ಮಾಂಸಕ್ಕೆ ಕಚ್ಚಿಕೊಂಡಿರುತ್ತದೆ. ಎಂಥದ್ದೆಂದು ತಿಳಿದರೆ ಅದಕ್ಕೆ ತಕ್ಕಂತೆ ಸಿದ್ಧವಾಗಿ ಬೇಗ ಮುಗಿಸಬಹುದು. ತಿಳಿಯದೆ ತೆರೆದು ಹುಡುಕುತ್ತಾ ಕೂರುವಷ್ಟು ಹೊತ್ತು ಅರಿವಳಿಕೆಯನ್ನು ಈ ಶ್ವಾಸಕೋಶ ತಾಳುವುದಿಲ್ಲ. ತಿಂಗಳೊಳಗೆ ಚೀಟಿ ತನ್ನಿ, ಆಮೇಲೆ ಉಸಿರು ಇನ್ನೂ ಕುಸಿದರೆ ಚೀಟಿ ತಂದರೂ ಕೈ ಹಾಕುವುದಿಲ್ಲ ಎಂದರು.

"ಚೀಟಿ ಎಲ್ಲೇ?" ಎಂದು ಕೇಳಿದರು ಅಕ್ಕ.

ಕೊಪ್ ಕಿಟಕಿಯ ಕಡೆ ತಿರುಗಿದರು.

"ಸುಟ್ಟಾ?"

"ಸುಟ್ಟೆ. ಹೊಳೆಗೆ ಬಿಟ್ಟೆ. ಹೂವೂ ಹಾಕಿದೆ."

"ಹೂವು ಬೇರೆ" ಎಂದರು ಅಕ್ಕ. ಆ ದಿನ ಬೈಯಲಿಲ್ಲವಂತೆ. ಕಕ್ಕಸಿಗೆ ಹೋಗಿ ಅತ್ತು ಬಂದೆ ಎನ್ನುತ್ತಾರೆ.

ಮೂರು ವಾರ ಅವರು ಜಾಲಾಡದ ಕಡೆಯಿಲ್ಲ. ಕೊಪ್ ಅವರ ಹುಟ್ಟುಹೆಸರು, ವೇದಿಕೆಯ ಹೆಸರು, ಮದುವೆಯಾದ ಮೇಲಿನ ಹೆಸರು, ಮೂರನ್ನೂ ಹಿಡಿದು ಹುಡುಕಿದರು. ಮುಚ್ಚಿದ ಚಿಕಿತ್ಸಾಲಯದ ಕಡತಗಳು ಒಂದು ನೆರೆಯಲ್ಲಿ ಮುಳುಗಿಹೋಗಿದ್ದವು. ಉಳಿದ ಮೂವರು ಹುಡುಗಿಯರಲ್ಲಿ ಒಬ್ಬಳು ತೀರಿಕೊಂಡಿದ್ದಳು, ಇನ್ನೊಬ್ಬಳು ಚೆನ್ನಾಗಿದ್ದರೂ ಚೀಟಿ ಕಳೆದುಕೊಂಡಿದ್ದಳು, ಮತ್ತೊಬ್ಬಳ ಸುಳಿವೇ ಇರಲಿಲ್ಲ. ಅಷ್ಟರಲ್ಲಿ ಕೊಪ್ ಆಸ್ಪತ್ರೆಯ ಮೆಟ್ಟಿಲು ಹತ್ತಲಾರದೆ ಕೆಳಗೇ ಕೂರುತ್ತಿದ್ದರು.

ದಾರಿ ತೋರಿಸಿದ್ದು ಒಂದು ಹರಟೆ. ಕೊಪ್ ಅವರ ಬೆನ್ನು ನೀವುತ್ತಾ ಅಕ್ಕ ಹಳೆಯ ಕಥೆ ತೆಗೆದಿದ್ದರು. ಆ ಮಳೆಗಾಲ ಮುಗಿದು ಮೇಳಕ್ಕೆ ಹಿಂತಿರುಗಿದಾಗ ಐವರ ರವಿಕೆಯೂ ಹಿಡಿಯದೆ, ಬಟ್ಟೆ ಹೊಲಿಯುವ ಚಾನ್ ಅವ್ವ ಮೇಳವೇ ನಡುಗುವಂತೆ ಬೈದಿದ್ದರು. "ಹಾಳಾದ ಮುದುಕಿ, ಎರಡು ಡಬ್ಬಿ ಚೀಟೀಲಿ ಒಂದನ್ನ ಬೇರೆ ಕೇಳಿ ಇಸ್ಕೊಂಡಿದ್ಲು" ಎಂದರು ಕೊಪ್. ಅಕ್ಕನ ಕೈ ಬೆನ್ನಿನ ಮೇಲೆ ನಿಂತಿತು.

ಭಾನುವಾರ ಬೆಳಗಿನ ಮೊದಲ ಬಸ್ಸಿಗೆ ಅಕ್ಕ ಸೆಲಫುಮ್ ಕಡೆಯ ಹಳ್ಳಿಗೆ ಹೊರಟರು. ಎಪ್ಪತ್ತೊಂಬತ್ತರ ಚಾನ್ ಅವ್ವ ಕಂಬಗಳ ಮೇಲೆ ನಿಂತ ಮನೆಯ ಕೆಳಗಿನ ಮಂಚದ ಮೇಲೆ ಕೂತು ಪರಂಗಿಕಾಯಿ ಹೆಚ್ಚುತ್ತಿದ್ದರು. ಬಂದವಳನ್ನು ಮೇಲಿನಿಂದ ಕೆಳಗೆ ಕಣ್ಣಲ್ಲೇ ಅಳತೆ ಹಾಕಿದರು.

"ಎದೆ ಮೂವತ್ತು, ಸೊಂಟ ಇಪ್ಪತ್ತಾರು. ಏನೇ ತುಯ್, ತಿನ್ನೋದು ಬಿಟ್ಟಿದ್ದೀಯಾ?"

"ಅವ್ವ, ನಮ್ಮ ಚೀಟಿ ಇಸ್ಕೊಂಡಿದ್ದೆಯಲ್ಲ, ಯಾಕೆ?"

"ಇನ್ಯಾಕೆ? ಒಂದೇ ಮಳೆಗಾಲದಲ್ಲಿ ಐದು ಹುಡುಗೀರ ಎದೆ ನಾಲ್ಕು ಇಂಚು ಬೆಳೀತು. ನನ್ನ ಬಟ್ಟೆ ಬೆಳೀತದಾ? ಊತ ಇಳಿಯೋವರೆಗೂ ಮುಟ್ಟೋಕೆ ಬಿಡ್ತಿರ್ಲಿಲ್ಲ ನೀವು. ಚೀಟಿ ಮೇಲೆ ಅಳತೆ ಇತ್ತು, ಅದನ್ನ ನೋಡಿ ಕತ್ತರಿಸ್ದೆ."

ಅಳತೆಯ ಪುಸ್ತಕ ಅಕ್ಕಿಯ ಕಣಜದ ಪಕ್ಕ, ಮಿಣಿಮಿಣಿ ಬಟ್ಟೆಯ ಗಂಟುಗಳ ಅಡಿಯಲ್ಲಿತ್ತು. ಚಾನ್ ಅವ್ವ ಅದರಲ್ಲಿ ಯಾರ ಹೆಸರನ್ನೂ ಬರೆದವರಲ್ಲ. ವೇದಿಕೆಯ ಹೆಸರು ಹಬ್ಬಕ್ಕೊಂದು, ಕಾಗದದ ಹೆಸರು ಕಾಯಿಲೆಗೊಂದು. ಅವರಿಗೆ ಗೊತ್ತಿದ್ದದ್ದು ಅಡ್ಡಹೆಸರು ಮಾತ್ರ. ಒಂದು ಪುಟದ ನೆತ್ತಿಯಲ್ಲಿ "ಕಪ್ಪೆ, ಮುಂದಿನ ಸಾಲು" ಎಂದಿತ್ತು. ಕೆಳಗೆ ತೋಳು, ಸೊಂಟ, ಭುಜ. ಅದರ ಪಕ್ಕದಲ್ಲಿ ಅಂಟುಚೀಟಿ, ಮಾಸಿತ್ತು, ಆದರೆ ಓದಲು ಬರುತ್ತಿತ್ತು. ಒರಟು ಹೊರಮೈಯದು, ಸಂಖ್ಯೆ ಸಮೇತ.

ಮುಂದಿನ ಪುಟ "ಗುಂಡಮ್ಮ, ಎರಡನೇ ಸಾಲು" ಎಂಬುದು. ಅಲ್ಲಿ ಚೀಟಿ ಉದುರಿಹೋಗಿ, ಗೋಂದಿನ ಹಳದಿ ಚೌಕವಷ್ಟೇ ಉಳಿದಿತ್ತು.

"ಗಂಟುಗಳನ್ನೆಲ್ಲ ಬಿಚ್ಚಿ ಕೊಡವಿ ನೋಡ್ದೆ" ಎನ್ನುತ್ತಾರೆ ತುಯ್ ಅಕ್ಕ. "ನಂದು ಸಿಗ್ಲಿಲ್ಲ. ಸ್ವಲ್ಪ ಹೊತ್ತು ಸಂಕಟ ಆಯ್ತು. ಎಷ್ಟಂದ್ರೂ ಅದು ನನ್ನ ಮೈಯಲ್ಲಿ ಇದ್ದಿದ್ದಲ್ವಾ, ಏನಂತ ತಿಳ್ಕೊಳ್ಳೋ ಆಸೆ ಇರುತ್ತೆ. ಆಮೇಲೆ ಬಸ್ಸಿನ ಹೊತ್ತಾಯ್ತು." ಚಾನ್ ಅವ್ವ ಪುಟ ಹರಿಯಲು ಜಪ್ಪಯ್ಯ ಅಂದರೂ ಬಿಡಲಿಲ್ಲ. ಪುಸ್ತಕವನ್ನೇ ಹೆಗಲ ಬಟ್ಟೆಯಲ್ಲಿ ಸುತ್ತಿಕೊಂಡು ತಾವೇ ಬಸ್ಸು ಹತ್ತಿದರು. ಸೋಮವಾರ ಶಸ್ತ್ರವೈದ್ಯರ ಮೇಜಿನ ಮೇಲೆ ಅದನ್ನು ಬಿಡಿಸಿಟ್ಟು, "ಬೆರಳಿಗೆ ಎಂಜಲು ಹಚ್ಚಿ ಪುಟ ತಿರುಗಿಸ್ಬೇಡಿ" ಎಂದು ಎಚ್ಚರಿಕೆಯನ್ನೂ ಕೊಟ್ಟರು.

ಮುಂದಿನ ವಾರ ಶಸ್ತ್ರಚಿಕಿತ್ಸೆ ನಡೆಯಿತು. ಒರಟು ಚೀಲಕ್ಕೆ ಬೇಕಾದ ಸಿದ್ಧತೆ ಮಾಡಿಕೊಂಡೇ ಒಳಹೋದ ಶಸ್ತ್ರವೈದ್ಯರು ಒಂದು ಗಂಟೆ ಐವತ್ತು ನಿಮಿಷದಲ್ಲಿ ಹೊರಬಂದರು. ಹೊರಗಿನ ಬೆಂಚಿನ ಮೇಲೆ ಅಕ್ಕ ಮತ್ತು ಚಾನ್ ಅವ್ವ ಇಬ್ಬರೂ ಒಂದು ತುತ್ತೂ ತಿನ್ನದೆ ಕೂತಿದ್ದರು ಎಂದು ಕಾವಲುಗಾರ ಹೇಳುತ್ತಾನೆ. ತಾವು ಚೆನ್ನಾಗಿ ತಿಂದೆವು ಎಂದು ಅಕ್ಕ ಹೇಳುತ್ತಾರೆ.

ಈಗ ನಾಲ್ಕು ತಿಂಗಳು. ಕೊಪ್ ಅವರ ಚರ್ಮದ ಬಿಗಿ ಸಡಿಲವಾಗಿಲ್ಲ, ಆಗುತ್ತದೆ ಎಂದು ಡಾಕ್ಟರು ಮಾತು ಕೊಟ್ಟೂ ಇಲ್ಲ. ಆದರೆ ಉಸಿರು ಕುಸಿಯುವುದು ನಿಂತಿದೆ. ಔಷಧದಿಂದಲೋ ಚೀಲ ತೆಗೆದದ್ದರಿಂದಲೋ ಎಂದು ಕೇಳಿದರೆ ಡಾ. ಥನಾಯುತ್ ಎರಡೂ ಕೈ ಚೆಲ್ಲಿ ನಗುತ್ತಾರೆ. ಇವತ್ತು ಸರದಿಯಲ್ಲಿ ಕೊಪ್ ಅವರದೂ ಒಂದು ಜೊತೆ ಇದೆ. ಮೆಟ್ಟಿಲು ಹತ್ತಿ, ನಡುವೆ ಒಮ್ಮೆಯಷ್ಟೇ ನಿಂತು, ಮೇಲೆ ಬಂದಿದ್ದಾರೆ.

ಬಂದ ಕಾರಣ ಬೇರೆಯೇ. ನಾಳೆ ಊರಿನ ವಿಹಾರದಲ್ಲಿ ಭಿಕ್ಷುಗಳಿಗೆ ಊಟ ಬಡಿಸಿ, ಅದರ ಪುಣ್ಯವನ್ನು ತುಯ್ ಅಕ್ಕನಿಗೆ ಮುಟ್ಟಿಸಬೇಕೆಂದು ಕೊಪ್ ಅವರ ಆಸೆ. ಯಾರಿಗೆ ಪುಣ್ಯ ಸಲ್ಲಬೇಕೋ ಅವರ ಪೂರ್ತಿ ಹೆಸರನ್ನು ಹೇಳಿ ನೀರು ಎರೆಯಬೇಕು. ಬೇಡ ಎಂದು ಅಕ್ಕ ಎರಡು ಸಲ ಹೇಳಿ ನೋಡಿದರು. ಕೊಪ್ ಪಟ್ಟು ಬಿಡಲಿಲ್ಲ.

"ಸರಿ, ಹೆಸರು ಹೇಳು. ಯಾವ್ದು ಅಂತ ಹೇಳ್ಲಿ ನಾನು? ನತ್ತನಿಚಾ ಅಂದ್ರೆ ಸಾಕಾ?"

ತುಯ್ ಅಕ್ಕ ರಕ್ತದೊತ್ತಡದ ಪಟ್ಟಿಯನ್ನು ಕೊಪ್ ಅವರ ತೋಳಿಗೆ ಸುತ್ತುತ್ತಾರೆ. ಅಂಕಿ ನೋಡಿ ಬರೆದುಕೊಳ್ಳುತ್ತಾರೆ. ಪಟ್ಟಿ ಬಿಚ್ಚುತ್ತಾರೆ.

"ಮೂರೂ ಹೇಳು. ಯಾವ್ದನ್ನೂ ಬಿಡ್ಬೇಡ" ಎನ್ನುತ್ತಾರೆ. "ಮೊದ್ಲು ಬುವಾಪನ್ ಅನ್ನು. ಅವಳನ್ನ ಸುಟ್ಟುಬಿಟ್ಟಿದ್ದೆ ನಾನು. ಪಾಪ, ಕುಣಿದಿದ್ದೆಲ್ಲ ಅವಳೇ."